‘ಇಸ್ಕೂಲು’, ‘ನಗದು’, ‘ವರುಷ’: ಇಲ್ಲದ ಅಕ್ಷರ ಎಲ್ಲಿಂದ ಬಂತು?

ಪ್ರಶ್ನೆ: ಸರ್, ನಾವು ಹುಮನಾಬಾದ್ ಕಡೆಯವರು. ನಮ್ಮ ಅತ್ತೆ ಮೊಮ್ಮಗನಿಗೆ ದಿನಾ ‘ಇಸ್ಕೂಲಿಗೆ ಹೊತ್ತಾತು, ನಡಿಯೋ’ ಅಂತಾರೆ. ಗ್ಲಾಸಿಗೆ ‘ಗಿಲಾಸು’ ಅಂತಾರೆ. ಬೆಂಗಳೂರಿನ ನೆಂಟರು ಬಂದಾಗ ಇದನ್ನೇ ಆಡಿಕೊಂಡು ನಗುತ್ತಾರೆ. ಅದು ಹೋಗಲಿ ಬಿಡಿ. ಮಗ ಎಂಟನೇ ಕ್ಲಾಸು. ಕನ್ನಡ ಪರೀಕ್ಷೆಯಲ್ಲಿ ‘ನೂರು ವರುಷ’ ಅಂತ ಬರೆದಿದ್ದಕ್ಕೆ ಕೆಂಪು ಗೆರೆ ಎಳೆದು ಅರ್ಧ ಮಾರ್ಕು ಕಳೆದಿದ್ದಾರೆ. ಅವನ ಪಠ್ಯದ ಪದ್ಯದಲ್ಲೇ ‘ವರುಷ’ ಅಂತ ಇದೆ! ಈ ಇಲ್ಲದ ಅಕ್ಷರ ಎಲ್ಲಿಂದ ಬರ್ತದೆ? ಕವಿ ಬರೆದರೆ ಸರಿ, ನಾವು ಅಂದರೆ ತಪ್ಪಾ?

ಉತ್ತರ: ಅಕ್ಕಾ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕವಿಗೂ ನಿಮ್ಮ ಅತ್ತೆಗೂ ಇಲ್ಲಿ ಕಾನೂನು ಒಂದೇ. ‘ಶ್ರೀ’ಯನ್ನು ‘ಸಿರಿ’ ಮಾಡಿದ್ದೂ ಕನ್ನಡದ ಬಾಯಿ, ‘ಗ್ಲಾಸ್’ ಅನ್ನು ‘ಗಿಲಾಸು’ ಮಾಡಿದ್ದೂ ಕನ್ನಡದ ಬಾಯಿ. ಸಿರಿ ಕಾವ್ಯಕ್ಕೆ ಹೋಗಿ ಕೂತಿತು, ಮರ್ಯಾದೆ ಸಿಕ್ಕಿತು. ಗಿಲಾಸು ಅಡಿಗೆಮನೆಯಲ್ಲೇ ಉಳಿಯಿತು. ವ್ಯತ್ಯಾಸ ಅಷ್ಟೇ.

ನಡೆಯುವುದು ಏನು ನೋಡ್ರಿ. ಅಚ್ಚಗನ್ನಡದ ಹಳೆಯ ಮಾತುಗಳು ಒತ್ತಕ್ಷರದಿಂದ ಶುರುವಾಗುವುದಿಲ್ಲ. ಮನೆ, ಹೊಲ, ನೀರು, ಎತ್ತು, ಕಣ, ಯಾವುದನ್ನೇ ತಗೊಳ್ಳಿ. ಪ್ರ, ಕ್ರ, ಸ್ಕ, ಗ್ಲ ಇವೆಲ್ಲ ಸಂಸ್ಕೃತದಿಂದಲೋ ಇಂಗ್ಲಿಷಿನಿಂದಲೋ ಬಂದ ಮಾತುಗಳಲ್ಲಿ ಇರುವಂಥವು. (ನಮ್ಮ ಕಡೆ ‘ಮ್ಯಾಲ’, ‘ಬ್ಯಾಸಗಿ’ ಅಂತೀವಲ್ಲ ಅಂತ ಕೇಳಬಹುದು. ಅವು ಮೊದಲಿಗೆ ‘ಮೇಲೆ’, ‘ಬೇಸಗೆ’. ಅಲ್ಲಿ ಏಕಾರವೇ ಒಡೆದು ‘ಯಾ’ ಆಗಿದೆ, ಅದು ಬೇರೆ ಕತೆ.) ಹಾಗಾಗಿ ಎರಡು ವ್ಯಂಜನ ಅಂಟಿಕೊಂಡು ಬಂದಾಗ ಬಾಯಿ ಒಂದು ಸ್ವರ ತಂದು ಅವುಗಳ ನಡುವೆಯೋ ಮುಂದೆಯೋ ಇಟ್ಟು ತನಗೆ ಬೇಕಾದ ಹಾಗೆ ಬಿಡಿಸಿಕೊಳ್ಳುತ್ತದೆ.

ಮಜಾ ಇರುವುದು ಎಲ್ಲಿ ಇಡುತ್ತದೆ ಅನ್ನುವುದರಲ್ಲಿ. ‘ಸ್ಕೂಲು’ ಆದರೆ ‘ಇಸ್ಕೂಲು’, ಸ್ವರ ಮುಂದೆ ಬಂತು. ‘ಗ್ಲಾಸು’ ಆದರೆ ‘ಗಿಲಾಸು’, ಸ್ವರ ನಡುವೆ ಬಂತು. ‘ಇಗ್ಲಾಸು’ ಅನ್ನುವವರನ್ನು ಕೇಳಿದ್ದೀರಾ? ‘ಸ್ಟೂಲು’ ಇಸ್ಟೂಲು ಆಗುತ್ತದೆ, ‘ಬ್ರೇಕು’ ಬಿರೇಕು ಆಗುತ್ತದೆ, ‘ಪ್ಲೇಟು’ ಪಿಲೇಟು ಆಗುತ್ತದೆ, ‘ಪ್ರೀತಿ’ ಪಿರೀತಿ ಆಗುತ್ತದೆ. ಸಕಾರ ಆದ ಮೇಲೆ ಕ, ಟ, ಪದಂಥ ಗಟ್ಟಿ ವ್ಯಂಜನ ಇದ್ದರೆ ಸ್ವರ ಹೊರಗೆ ನಿಲ್ಲುತ್ತದೆ. ರ, ಲ ಇದ್ದರೆ ಒಳಗೆ ಹೋಗುತ್ತದೆ. ಹಿಂದಿ ಆಡುವ ಹಳ್ಳಿಯವರ ಬಾಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ: ‘ಸ್ಕೂಲ್’ ಅಲ್ಲಿ ‘ಇಸ್ಕೂಲ್’, ಆದರೆ ‘ಸ್ಲೇಟ್’ ಮಾತ್ರ ‘ಸಿಲೇಟ್’. ಎರಡೂ ಸಕಾರದಿಂದಲೇ ಶುರು, ಆದರೂ ದಾರಿ ಬೇರೆ. ನಮ್ಮಲ್ಲಿ ಸ್ಲೇಟಿಗೆ ಪಾಟಿ ಅಂತಿದ್ದೆವು, ಹಾಗಾಗಿ ಆ ತಾಪತ್ರಯವೇ ಇರಲಿಲ್ಲ.

ಯಾಕೆ ಹೀಗೆ? ಇಲ್ಲಿ ಬಾಯಿಗಿಂತ ಕಿವಿಯ ಕೆಲಸ ಜಾಸ್ತಿ. ‘ಗ್ಲಾ’, ‘ಪ್ರೀ’ ಅನ್ನುವಾಗ ಗಕಾರ, ಪಕಾರ ಬಿಟ್ಟು ರ, ಲಕ್ಕೆ ಹೋಗುವ ನಡುವೆ ಒಂದು ಸಣ್ಣ ಸ್ವರದಂಥ ಸಂದು ಮೊದಲೇ ಇರುತ್ತದೆ, ಅದನ್ನು ಸ್ವಲ್ಪ ಹಿಗ್ಗಿಸಿದರೆ ‘ಗಿಲಾ’ ಆಯಿತು, ಕೇಳುವವರಿಗೆ ಮಾತು ಬದಲಾಯಿತು ಅಂತ ಅನ್ನಿಸುವುದೂ ಇಲ್ಲ. ‘ಸ್ಕೂ’ನಲ್ಲಿ ಅಂಥ ಸಂದೇ ಇಲ್ಲ. ಸಕಾರದ ಸುಸ್ಸು ಸದ್ದು ನೇರವಾಗಿ ಕಕಾರಕ್ಕೆ ಹೋಗಿ ಬಡಿಯುತ್ತದೆ. ಅಲ್ಲಿ ಸ್ವರ ತುರುಕಿ ‘ಸಿಕೂಲು’ ಅಂದರೆ ಮಾತೇ ಬೇರೆ ಆದ ಹಾಗೆ ಕೇಳುತ್ತದೆ. ಅದಕ್ಕೇ ಸ್ವರವನ್ನು ಬಾಗಿಲಲ್ಲೇ ನಿಲ್ಲಿಸುತ್ತೇವೆ.

ಹಾಗಂತ ಎಲ್ಲರೂ ಹೀಗೆಯೇ ಮಾಡುತ್ತಾರೆ ಅಂತಲ್ಲ. ಪಂಜಾಬಿಗಳು ಸ್ವರವನ್ನು ನಡುವೆಯೇ ಹಾಕಿ ‘ಸಕೂಲ್’ ಅಂತಾರೆ. ಸ್ಪೇನಿನವರು ಲ್ಯಾಟಿನ್ನಿನ ‘ಸ್ಕೋಲಾ’ವನ್ನು ‘ಎಸ್ಕ್ವೇಲಾ’ ಮಾಡಿಕೊಂಡಿದ್ದಾರೆ. ಅದು ಅವರ ನಿಘಂಟಿನ ಮಾತು, ಸರ್ಕಾರಿ ಶಾಲೆಯ ಬೋರ್ಡಿನ ಮೇಲೂ ಅದೇ. ನಿಮ್ಮ ಅತ್ತೆ ಮಾಡಿದ್ದನ್ನೇ ಒಂದು ಇಡೀ ದೇಶ ಮಾಡಿದೆ. ಬೆಂಗಳೂರಿನ ನೆಂಟರಿಗೆ ಇದನ್ನು ಹೇಳಬಹುದು. ಅವರು ‘ಬಸ್ಸು ಹತ್ತಿ, ಕಾರು ಇಳಿದು’ ಅಂತ ಮಾತಾಡುವಾಗ ಅವರೂ ಇದೇ ಕೆಲಸ ಮಾಡುತ್ತಾರೆ ಅನ್ನುವುದನ್ನೂ ಸೇರಿಸಿ ಹೇಳಿ.

ಹೌದು, ಕೊನೆಯ ಆ ಉಕಾರ. ಹಳಗನ್ನಡದಲ್ಲಿ ಕಣ್, ಕಲ್, ಪಾಲ್, ಕಾಲ್, ನೀರ್ ಅಂತ ಮಾತು ವ್ಯಂಜನದಲ್ಲೇ ನಿಲ್ಲುತ್ತಿತ್ತು. ಆಮೇಲೆ ಕೊನೆಗೆ ಉ ಸೇರಿತು. ಅದು ಸುಮ್ನೆ ಸೇರಲಿಲ್ಲ, ಲೆಕ್ಕ ಇಟ್ಟುಕೊಂಡು ಸೇರಿತು. ಆ ವ್ಯಂಜನಕ್ಕೆ ಮೊದಲಿನ ಸ್ವರ ಗಿಡ್ಡ ಇದ್ದರೆ ವ್ಯಂಜನ ಇಮ್ಮಡಿ: ಕಣ್ಣು, ಕಲ್ಲು. ಉದ್ದ ಇದ್ದರೆ ಒಂದೇ: ಹಾಲು, ಕಾಲು, ನೀರು. ಕೊನೆಗೆ ಯಕಾರ ಇದ್ದರೆ ಉ ಬದಲು ಇ: ನಾಯಿ, ಬಾಯಿ, ತಾಯಿ. ಈಗ ಇಂಗ್ಲಿಷ್ ಮಾತುಗಳನ್ನು ನೋಡಿ. ಬಸ್ಸು, ಪೆನ್ನು, ಬಿಲ್ಲು. ಕಾರು, ರೈಲು, ಫೋನು. ಯಾರೂ ‘ಬಸು’ ಅನ್ನುವುದಿಲ್ಲ, ‘ಕಾರ್ರು’ ಅನ್ನುವುದಿಲ್ಲ. ರಾಮನ ಕೈಯಲ್ಲಿರುವ ಬಿಲ್ಲೂ ತಿಂಗಳ ಕೊನೆಗೆ ಬರುವ ಕರೆಂಟ್ ಬಿಲ್ಲೂ ಒಂದೇ ನಿಯಮದಿಂದ ಹುಟ್ಟಿವೆ. ಇದನ್ನು ಯಾವ ಮಾಸ್ತರೂ ಕಲಿಸಿಲ್ಲ, ಆದರೂ ಎಲ್ಲರಿಗೂ ಗೊತ್ತು.

ಇಷ್ಟು ಹೇಳಿ ನಮ್ಮ ಭಾಗದ ಮಾತಿಗೆ ಬರದಿದ್ದರೆ ಹೇಗೆ? 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿ ಕಲಬುರಗಿಯಲ್ಲಿ ನಿಂತಾಗಿನಿಂದ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಕಚೇರಿ, ಕೋರ್ಟು, ಕಂದಾಯ ಎಲ್ಲ ಹೆಚ್ಚಾಗಿ ಪಾರ್ಸಿಯಲ್ಲೂ ಆಮೇಲೆ ಉರ್ದುವಿನಲ್ಲೂ ನಡೆದದ್ದು. ಹಾಗಾಗಿ ಕಲಬುರಗಿ, ಬೀದರ, ಯಾದಗಿರಿಯ ಬಜಾರದಲ್ಲಿ ಒಂದು ತಾಸು ನಿಂತರೆ ಸಾಕು, ಅರಬ್ಬಿ, ಪಾರ್ಸಿ ಮಾತು ಎಷ್ಟು ಕೇಳಬೇಕೋ ಅಷ್ಟು ಕೇಳಬಹುದು. ಅರಬ್ಬಿಯಲ್ಲಿ ಮಾತಿನ ಕೊನೆಗೆ ಎರಡು ವ್ಯಂಜನ ಒಟ್ಟಿಗೆ ಬರುವುದು ಬಹಳ ಸಾಮಾನ್ಯ: ಹುಕ್ಮ್, ನಕ್ದ್, ಅಸ್ಲ್, ನಕ್ಲ್, ಫಸ್ಲ್, ಫರ್ಕ್. ಪಾರ್ಸಿಯಲ್ಲಿ ಜಖ್ಮ್, ಶಹ್ರ್, ಗರ್ಮ್. ಇವನ್ನು ಹಾಗೇ ಅನ್ನಲು ನೋಡಿ, ಕೊನೆಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ.

ನಾವು ಏನು ಮಾಡಿದೆವು? ಹುಕುಂ, ನಗದು, ಅಸಲು, ನಕಲು, ಫಸಲು, ಫರಕು, ಜಖಂ, ಶಹರ, ಗರಂ. ಇದರಲ್ಲಿ ‘ನಗದು’ ನನಗೆ ಬಲು ಇಷ್ಟದ ಮಾತು. ಯಾಕಂದರೆ ಅದರೊಳಗೆ ಎರಡು ಬೇರೆ ಬೇರೆ ಬಾಯಿ ಕೆಲಸ ಮಾಡಿವೆ. ನಕ್ದ್ ಅನ್ನುವುದನ್ನು ಒಡೆದು ‘ನಗದ್’ ಮಾಡಿದ್ದು ಹಿಂದಿ, ಉರ್ದು, ದಖನಿ ಆಡುವವರು. ಅವರಿಗೂ ಆ ಜೋಡಿ ವ್ಯಂಜನ ಕಷ್ಟವೇ. ಅಲ್ಲಿಗೆ ಅವರ ಕೆಲಸ ಮುಗಿಯಿತು, ಅವರ ಮಾತು ವ್ಯಂಜನದಲ್ಲಿ ನಿಲ್ಲಬಹುದು. ನಮ್ಮದು ನಿಲ್ಲಲು ಒಲ್ಲೆನ್ನುತ್ತದೆ. ಹಾಗಾಗಿ ಕನ್ನಡ ಬಂದು ಕೊನೆಗೆ ಒಂದು ಉ ಇಟ್ಟಿತು. ಎರಡು ಸ್ವರ, ಎರಡು ಭಾಷೆ. ಅಸಲು, ಫಸಲು, ನಕಲು ಎಲ್ಲದರಲ್ಲೂ ಇದೇ ಕತೆ. ‘ಹುಕುಂ’, ‘ಜಖಂ’ನಲ್ಲಿ ಮಾತ್ರ ಕೊನೆಯ ಮಕಾರ ಸೊನ್ನೆಯಾಗಿ ಕೂತಿದೆ, ಉ ಬೇಕಾಗಲಿಲ್ಲ.

ಗಜಲ್ ಬರೆಯುವವರಲ್ಲಿ ಇದೇ ವಿಷಯಕ್ಕೆ ಜಗಳ ಆಗುತ್ತದೆ. ಉರ್ದು ಛಂದಸ್ಸಿನ ಲೆಕ್ಕದಲ್ಲಿ ‘ಶಹ್ರ್’ ಅಂದರೆ ಉದ್ದ, ಗಿಡ್ಡ. ‘ಶಹರ್’ ಅಂದರೆ ಗಿಡ್ಡ, ಉದ್ದ. ತೂಕ ತಿರುಗಿ ಬೀಳುತ್ತದೆ. ಮಾತಿನಲ್ಲಿ ಎಲ್ಲರೂ ಶಹರ್ ಅನ್ನುತ್ತಾರೆ, ಆದರೆ ಶೇರ್‌ನಲ್ಲಿ (ಗಜಲ್‌ನ ಎರಡು ಸಾಲಿನ ಪದ್ಯದಲ್ಲಿ) ಹಾಗೆ ಕೂರಿಸಿದರೆ ಉಸ್ತಾದರು ತಪ್ಪು ಹಿಡಿಯುತ್ತಾರೆ. ಹಳೆಯ ದಖನಿ ಕವಿಗಳು ಈ ವಿಷಯದಲ್ಲಿ ಅಷ್ಟು ಬಿಗಿ ಇರಲಿಲ್ಲ, ಬಾಯಲ್ಲಿ ಹೇಗೋ ಹಾಗೆ ಹಾಡಿನಲ್ಲಿ. ನನ್ನ ಒಲವು ದಖನಿಯವರ ಕಡೆಗೇ.

ಈಗ ಕನ್ನಡ ಕಾವ್ಯ. ನಿಮ್ಮ ಮಗನ ‘ವರುಷ’ ಇರುವುದು ಇಲ್ಲೇ. ಭಕ್ತಿ ಭಕುತಿ, ಮುಕ್ತಿ ಮುಕುತಿ, ಜನ್ಮ ಜನುಮ, ಪದ್ಮ ಪದುಮ, ಹರ್ಷ ಹರುಷ, ದರ್ಶನ ದರುಶನ. ಇದಕ್ಕೆ ಹಳೆಯ ಹೆಸರು ‘ಸ್ವರಭಕ್ತಿ’. ವೇದ ಉಚ್ಚಾರಣೆಯ ಶಾಸ್ತ್ರ ಬರೆದವರೇ ಈ ಹೆಸರು ಇಟ್ಟಿದ್ದಾರೆ, ರಕಾರ ಆದ ಮೇಲೆ ಶ, ಷ, ಹ ಬಂದಾಗ ನಡುವೆ ಸಣ್ಣ ಸ್ವರದ ತುಣುಕು ಕೇಳಿಸುತ್ತದೆ ಅಂತ ಗುರುತಿಸಿದ್ದಾರೆ. ‘ವರ್ಷ’ದಲ್ಲಿರುವುದು ಸರಿಯಾಗಿ ಇದೇ ಜೋಡಿ ಅಲ್ವಾ? ಅಂದರೆ ಇಲ್ಲಿ ಸ್ವರ ಇಣುಕುವುದನ್ನು ವೇದಪಾಠಿಗಳ ಕಿವಿಯೇ ಮೊದಲು ಹಿಡಿದಿದೆ.

ವೇದದ ವಿಷಯ ಬಂತು, ಇದನ್ನೂ ಕೇಳಿ. ಗಾಯತ್ರಿ ಛಂದಸ್ಸಿನಲ್ಲಿ ಒಂದು ಪಾದಕ್ಕೆ 8 ಅಕ್ಷರ ಇರಬೇಕು. ‘ತತ್ಸವಿತುರ್ವರೇಣ್ಯಂ’ ಎಣಿಸಿ. 7 ಮಾತ್ರ. ‘ವರೇಣಿಯಂ’ ಅಂತ ಬಿಡಿಸಿದರೆ 8. ಋಗ್ವೇದದಲ್ಲಿ ‘ಇಂದ್ರ’ ಅನ್ನುವುದನ್ನೂ ಎಷ್ಟೋ ಕಡೆ ‘ಇಂದರ’ ಅಂತ ಮೂರಕ್ಷರ ಮಾಡಿ ಓದಿದರೇ ಛಂದಸ್ಸು ಸರಿಯಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ‘ಇಂದರ’ ಅಂದರೆ ನಗುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಲಿ.

ಕನ್ನಡ ಕವಿಗೆ ಇದರಿಂದ ಏನು ಸಿಗುತ್ತದೆ? ಬರೀ ಚೆಂದಕ್ಕೆ ಅಂತ ಹೇಳಿ ಮುಗಿಸುತ್ತಾರೆ, ಅದು ಅರ್ಧ ಉತ್ತರ. ಮಾತ್ರೆಯ ಲೆಕ್ಕ ನೋಡಿ. ಗಿಡ್ಡ ಅಕ್ಷರಕ್ಕೆ 1, ಉದ್ದಕ್ಕೆ 2, ಒತ್ತಕ್ಷರಕ್ಕೆ ಮೊದಲು ನಿಂತ ಅಕ್ಷರಕ್ಕೂ 2. ‘ಭಕ್ತಿ’ ಅಂದರೆ 2 ಮತ್ತು 1, ಒಟ್ಟು 3. ‘ಭಕುತಿ’ ಅಂದರೆ 1, 1, 1, ಅದೂ 3! ಅಕ್ಷರ ಹೆಚ್ಚಾಯಿತು, ತೂಕ ಹೆಚ್ಚಾಗಲಿಲ್ಲ. ವರ್ಷ ವರುಷ, ಜನ್ಮ ಜನುಮ ಎಲ್ಲ ಹೀಗೇ. ‘ಪ್ರಾಣ’ 3, ಅದರ ತದ್ಭವ ‘ಹರಣ’ವೂ 3, ಒಳಗೆ ಅಕಾರ ಬಂದ ಕೂಡಲೇ ಮುಂದಿನ ಉದ್ದ ಸ್ವರ ಗಿಡ್ಡವಾಗಿ ಜಾಗ ಬಿಟ್ಟುಕೊಟ್ಟಿದೆ. ‘ಶ್ರೀ’ 2, ‘ಸಿರಿ’ 2. ಈ ಹೊಂದಾಣಿಕೆಯನ್ನು ಯಾರೂ ಕೂತು ಯೋಜನೆ ಮಾಡಿದ್ದಲ್ಲ.

ಆದರೆ ಎಲ್ಲ ಮಾತೂ ಇಷ್ಟು ಸಾಧು ಅಲ್ಲ. ‘ಚಂದ್ರ’ 3, ‘ಚಂದಿರ’ 4. ‘ಸೂರ್ಯ’ 3, ‘ಸೂರಿಯ’ 4. ‘ಮಂತ್ರ’ 3, ‘ಮಂತರ’ 4. ಇಲ್ಲಿ ಮೊದಲ ಅಕ್ಷರ ಸೊನ್ನೆಯಿಂದಲೋ ದೀರ್ಘದಿಂದಲೋ ಮೊದಲೇ ಭಾರ ಇದೆ, ಒತ್ತು ಬಿಡಿಸಿದರೂ ಅದು ಹಗುರ ಆಗುವುದಿಲ್ಲ. ಹಾಗಾಗಿ ಒಂದು ಮಾತ್ರೆ ಜಾಸ್ತಿ. ಭಾಮಿನಿ ಷಟ್ಪದಿಯಲ್ಲಿ 3, 4, 3, 4 ಅಂತ ಗಣ ನಡೆಯುತ್ತದೆ. ಮೂರರ ಜಾಗಕ್ಕೆ ಚಂದ್ರ, ನಾಲ್ಕರ ಜಾಗಕ್ಕೆ ಚಂದಿರ. ಒಂದೇ ಮಾತು ಕವಿಗೆ ಎರಡು ಅಳತೆಯಲ್ಲಿ ಸಿಕ್ಕ ಹಾಗಾಯಿತು.

ತೂಕ ಬದಲಾಗದ ‘ಭಕುತಿ’ಯಿಂದಲೂ ಲಾಭ ಇದೆ. ಕನ್ನಡದ ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ‘ಭಕ್ತಿ’ ಇಟ್ಟರೆ ಎಲ್ಲ ಸಾಲಿನಲ್ಲೂ ‘ಕ್ತ’ ತರಬೇಕು: ಶಕ್ತಿ, ಯುಕ್ತಿ, ಮುಕ್ತಿ, ರಕ್ತ, ಅಲ್ಲಿಗೆ ಗಂಟು ಖಾಲಿ. ‘ಭಕುತಿ’ ಅಂದರೆ ಬರೀ ಕಕಾರ ಸಾಕು. ಸಕಲ, ಮಕುಟ, ಅಕಟ, ಬೇಕಾದಷ್ಟಿವೆ. ಛಂದಸ್ಸಿನವರ ಮಾತಿನಲ್ಲಿ ಹೇಳಿದರೆ ಒತ್ತಕ್ಷರದ ಶರಭ ಪ್ರಾಸದ ಮಾತು ಬಿಡಿ ವ್ಯಂಜನದ ಸಿಂಹ ಪ್ರಾಸಕ್ಕೆ ಬಂತು. ನಾಲ್ಕು ಅಥವಾ ಆರು ಸಾಲು ಪ್ರಾಸ ಹೊಂದಿಸಬೇಕಾದ ಕವಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಅಂತ ಬರೆದು ನೋಡಿದವರಿಗೇ ಗೊತ್ತು.

ಹಾಡುವವರಿಗೆ ಬೇರೆ ಕಾರಣ. ವ್ಯಂಜನವನ್ನು ಎಳೆಯಲು ಬರುವುದಿಲ್ಲ, ಸ್ವರವನ್ನು ಎಳೆಯಬಹುದು. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ನಮ್ಮ ಕಡೆ ಏಕತಾರಿ ಹಿಡಿದು ಹಾಡುವವರನ್ನು ಕೇಳಿ. ‘ಕರ್ಮ’ ಅಂತ ಬಂದರೆ ದನಿ ಅಲ್ಲಿ ಮುಗ್ಗರಿಸುತ್ತದೆ, ‘ಕರುಮ’ ಅಂದರೆ ರುಕಾರದ ಮೇಲೆ ಅರಾಮಾಗಿ ಕೂರಬಹುದು. ಮೊಹರಂ ಹೊತ್ತಿನ ರಿವಾಯತ್ ಪದಗಳಲ್ಲೂ ಇದೇ ಕೇಳುತ್ತದೆ.

ಯಾವ ಸ್ವರ ಬರಬೇಕು ಅನ್ನುವುದಕ್ಕೂ ಒಂದು ಜಾಡಿದೆ. ಮಾತಿನ ಮೊದಲಿಗೆ ಆದರೆ ಮುಂದಿನ ಸ್ವರದ ನೆರಳೇ ಸಾಮಾನ್ಯವಾಗಿ ಬರುತ್ತದೆ: ಶ್ರೀಗೆ ಸಿರಿ, ಪ್ರಾಣಕ್ಕೆ ಹರಣ. ನಡುವೆ ಆದರೆ ಹೆಚ್ಚಾಗಿ ಉ. ಆಮೇಲೆ ಯಕಾರ ಬರುವುದಿದ್ದರೆ ಇ, ಸೂರಿಯ. ಇಂಗ್ಲಿಷ್ ಮಾತುಗಳ ಮೊದಲಿಗೆ ಏನಿದ್ದರೂ ಬಹುತೇಕ ಇ. ಇದಕ್ಕೆ ಹೊರತಾದ ಮಾತುಗಳೂ ಇವೆ, ಎಲ್ಲ ಹೇಳಲು ಹೋದರೆ ಬೆಳಗಾಗುತ್ತದೆ.

ಹಾಗಾದರೆ ಮಾರ್ಕು? ‘ವರುಷ’ ಕನ್ನಡ ನಿಘಂಟಿನಲ್ಲಿ ಇರುವ ಮಾತು, ತದ್ಭವ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇಂಥ ಬದಲಾವಣೆಗಳಿಗೇ ಒಂದು ಪೂರ್ತಿ ಪ್ರಕರಣ ಬರೆದಿದ್ದಾನೆ. ‘ತತ್ಸಮ ರೂಪ ಬರೆಯಿರಿ’ ಅಂತ ಪ್ರಶ್ನೆ ಇದ್ದಿದ್ದರೆ ಗೆರೆ ಎಳೆದದ್ದು ನ್ಯಾಯ. ಸಾದಾ ಉತ್ತರದಲ್ಲಿ ಎಳೆದಿದ್ದರೆ ಅದು ಮಾಸ್ತರರ ಅವಸರ. ಹೋಗಿ ಕೇಳಿ, ಜಗಳ ಬೇಡ, ಪಠ್ಯದ ಪದ್ಯವನ್ನೇ ತೋರಿಸಿ. ‘ಇಸ್ಕೂಲು’ ಬೇರೆ ಮಾತು. ಬಾಯಲ್ಲಿ ಅದು ಸರಿ, ರಜೆ ಅರ್ಜಿಯಲ್ಲಿ ಬರೆಯಲು ಆಗುವುದಿಲ್ಲ. ನಮ್ಮ ಮಳಖೇಡದಲ್ಲಿ ಕೂತು ರಾಜ್ಯ ಆಳಿದ ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲೇ, ‘ಕವಿರಾಜಮಾರ್ಗ’ ಹೇಳಿಬಿಟ್ಟಿದೆ: ಕನ್ನಡದ ಆಡುಮಾತುಗಳು ಎಷ್ಟೊಂದು ಬಗೆ ಇವೆಯೆಂದರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು. ಸೇಡಂ ತಾಲ್ಲೂಕಿನಲ್ಲಿ ನಿಂತು ಅಷ್ಟು ಹಿಂದೆಯೇ ಗೊಣಗಿದ್ದಾರೆ, ಈಗಲೂ ಅದೇ ಗೊಣಗು.

ಸಂಧಿಯ ವಿಷಯ ನೀವು ಕೇಳಿಲ್ಲ, ಆದರೆ ಮಗನಿಗೆ ಉಪಯೋಗ ಆಗುತ್ತದೆ. ಎರಡು ಸ್ವರ ಎದುರುಬದುರಾದಾಗಲೂ ಸದ್ದು ಸೇರುತ್ತದೆ. ಮನೆ, ಅನ್ನು ಸೇರಿ ‘ಮನೆಯನ್ನು’. ಗುರು, ಅನ್ನು ಸೇರಿ ‘ಗುರುವನ್ನು’. ಇದು ಆಗಮ ಸಂಧಿ. ಆಗಮ ಮಿತ್ರನ ಹಾಗೆ ಪಕ್ಕದಲ್ಲಿ ಬಂದು ಕೂರುತ್ತದೆ, ಆದೇಶ ಶತ್ರುವಿನ ಹಾಗೆ ಇದ್ದವನನ್ನು ಎಬ್ಬಿಸಿ ಕೂರುತ್ತದೆ ಅಂತ ಸಂಸ್ಕೃತ ವ್ಯಾಕರಣ ಕಲಿಸುವವರಲ್ಲಿ ಒಂದು ಹಳೆಯ ಮಾತಿದೆ, ಹುಡುಗರಿಗೆ ಇದೊಂದು ಸಾಕು, ಮರೆಯುವುದಿಲ್ಲ. ಯ, ವ ಎರಡೇ ಯಾಕೆ? ಇ, ಎ ಅನ್ನುವಾಗ ನಾಲಿಗೆ ಮುಂದೆ ಎದ್ದಿರುತ್ತದೆ, ಅಲ್ಲಿಂದ ಅಕಾರಕ್ಕೆ ಇಳಿಯುವ ದಾರಿಯಲ್ಲಿ ಯಕಾರ ತಾನಾಗಿ ಸಿಗುತ್ತದೆ. ಉ, ಒ ಅನ್ನುವಾಗ ತುಟಿ ದುಂಡಗಿರುತ್ತದೆ, ಬಿಚ್ಚುವಾಗ ವಕಾರ. ನಾವು ‘ಮನ್ಯಾಗ’, ‘ಗುಡ್ಯಾಗ’ ಅಂತೀವಲ್ಲ, ಅಲ್ಲೂ ಮನಿ, ಆಗ ನಡುವೆ ಯಕಾರ ಬಂದಿದೆ. ಬಂದ ಮೇಲೆ ಕರೆದ ಇಕಾರವೇ ಎದ್ದು ಹೋಗಿದೆ! ‘ಹೊಲದಾಗ’ ಅನ್ನುವುದರ ದಕಾರ ಮಾತ್ರ ಈ ಗುಂಪಿನದಲ್ಲ. ಅದು ಬಾಯಿಯ ಅನುಕೂಲಕ್ಕೆ ಬಂದದ್ದಲ್ಲ, ವ್ಯಾಕರಣದ ಕೆಲಸಕ್ಕೆ ಬಂದದ್ದು.

ವ್ಯಂಜನವೂ ಹೀಗೆ ನುಸುಳುತ್ತದೆ. ಸಂಸ್ಕೃತದ ವಾನರ ಹಿಂದಿಯಲ್ಲಿ ಬಂದರ್, ತಾಮ್ರ ಅಲ್ಲಿ ತಾಂಬಾ. ನಮ್ಮಲ್ಲೂ ‘ತಾಂಬ್ರದ ಕೊಡ’ ಅನ್ನುವವರಿದ್ದಾರೆ. ಮೂಗಿನ ಸದ್ದಿನಿಂದ ರಕಾರಕ್ಕೆ ಹೋಗುವಾಗ ಮೂಗು ಒಂದು ಕ್ಷಣ ಮೊದಲೇ ಮುಚ್ಚಿದರೆ ನಡುವೆ ಬ, ದ ಹುಟ್ಟಿಬಿಡುತ್ತದೆ. ಉಷ್ಟ್ರ ಹೋಗಿ ‘ಒಂಟೆ’ ಆದಾಗ ಬಂದ ಆ ಸೊನ್ನೆಯೂ ಮೂಲದಲ್ಲಿ ಇಲ್ಲದ್ದೇ.

ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಉದ್ದ ರೂಪ ಕಂಡಲ್ಲೆಲ್ಲ ಅಕ್ಷರ ಸೇರಿದೆ ಅಂತ ತಿಳಿಯಬೇಡಿ. 2014ರ ನವೆಂಬರ್ 1ರಿಂದ ನಮ್ಮ ಊರು ಅಧಿಕೃತವಾಗಿ ‘ಕಲಬುರಗಿ’. ನಾವು ಅನ್ನುವುದು ‘ಕಲ್ಬುರ್ಗಿ’. ಬೋರ್ಡಿನವರು ಎರಡು ಸ್ವರ ಸೇರಿಸಿದರು ಅಂತ ಹಲವರು ವಾದ ಮಾಡುತ್ತಾರೆ. ಅದು ಉಲ್ಟಾ. ‘ಕೆಲಸ’ ಕೆಲ್ಸ ಆದ ಹಾಗೆ, ‘ಹುಡುಗ’ ಹುಡ್ಗ ಆದ ಹಾಗೆ ನಮ್ಮ ಬಾಯಲ್ಲಿ ನಡುವಿನ ಗಿಡ್ಡ ಸ್ವರ ಬಿದ್ದುಹೋಗಿದೆ. ಸೇರಿದ್ದೋ ಬಿದ್ದದ್ದೋ ಅಂತ ತಿಳಿಯಲು ಹಳೆಯ ರೂಪ ನೋಡಬೇಕು, ಬೇರೆ ಉಪಾಯ ಇಲ್ಲ. ‘ವರ್ಷ’ಕ್ಕೆ ಸಂಸ್ಕೃತದಲ್ಲಿ ಉಕಾರ ಇಲ್ಲ, ಹಾಗಾಗಿ ‘ವರುಷ’ದ ಉ ನಾವು ಸೇರಿಸಿದ್ದು. ‘ಕೆಲಸ’ದ ಲಕಾರಕ್ಕೆ ಅಕಾರ ಬರವಣಿಗೆಯಲ್ಲಿ ಮೊದಲಿಂದ ಇದೆ, ಹಾಗಾಗಿ ‘ಕೆಲ್ಸ’ದಲ್ಲಿ ಅದನ್ನು ಕಳೆದದ್ದೂ ನಾವೇ.